ಕೋಶಗಳ ಎರಡು ಹಿಡಿತ: ಡಿಶ್‌ನಿಂದ ಬಿಡಿಸುತ್ತಾ ನಾನು ಕಲಿತದ್ದು

ಲ್ಯಾಬಿಗೆ ಸೇರಿದ ಹೊಸದರಲ್ಲಿ ನನ್ನನ್ನು ಕಾಡಿದ್ದು ಕೋಶಗಳನ್ನು ಬೆಳೆಸುವುದಲ್ಲ, ಬೆಳೆದವನ್ನು ಡಿಶ್‌ನಿಂದ, ಅಂದರೆ ಅವು ಬೆಳೆಯುವ ಪ್ಲಾಸ್ಟಿಕ್ ತಟ್ಟೆಯಿಂದ, ಬಿಡಿಸುವುದು. ನನಗೆ ಕೊಟ್ಟಿದ್ದು ಎಂಡಿಸಿಕೆ ಕೋಶಗಳು. ಮ್ಯಾಡಿನ್ ಮತ್ತು ಡಾರ್ಬಿ ಎಂಬ ಇಬ್ಬರು 1958ರಲ್ಲಿ ನಾಯಿಯ ಕಿಡ್ನಿಯಿಂದ ತೆಗೆದು ಬೆಳೆಸಿದ ತಳಿ ಅದು. ಡಿಶ್ ತುಂಬಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಗಳಕ್ಕೆ ಕಲ್ಲು ಹಾಸಿದ ಹಾಗೆ ಕಾಣುತ್ತದೆ. ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ನಡುವೆ ಸಂದಿಯೇ ಇರುವುದಿಲ್ಲ.

ಬಿಡಿಸುವ ಕ್ರಮ ಲ್ಯಾಬಿನವರಿಗೆಲ್ಲ ಗೊತ್ತಿರುವಂಥದ್ದೇ. ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ತೆಗೆ, ಪಿಬಿಎಸ್ ಎಂಬ ಉಪ್ಪುನೀರಿನಲ್ಲಿ ತೊಳೆ, ಟ್ರಿಪ್ಸಿನ್ ಹಾಕು, ಇನ್‌ಕ್ಯುಬೇಟರಿನಲ್ಲಿಡು. ಟ್ರಿಪ್ಸಿನ್ ಪ್ರೋಟೀನ್ ಕತ್ತರಿಸುವ ಕಿಣ್ವ. ಕೋಶದ ಹೊರಗಿನ ಹಿಡಿತಗಳನ್ನು ಕತ್ತರಿಸುತ್ತದೆ, ಕೋಶ ಗುಂಡಗಾಗಿ ತೇಲುತ್ತದೆ. ನಾನೂ ಹಾಗೇ ಮಾಡಿದೆ. ಆದರೆ ನನ್ನ ಡಿಶ್‌ನಲ್ಲಿ ಎದ್ದು ಬಂದಿದ್ದು ಬಿಡಿ ಬಿಡಿ ಕೋಶಗಳಲ್ಲ, ಹಾಳೆ. ಹಾಲಿನ ಕೆನೆಯ ಹಾಗೆ ತೆಳುವಾದ ಪದರ ಅಂಚಿನಿಂದ ಸುರುಳಿ ಸುತ್ತಿಕೊಂಡು ಮೇಲೆ ತೇಲಿತು. ಗಾಬರಿಯಲ್ಲಿ ಪಿಪೆಟ್‌ನಿಂದ ಮೇಲೆ ಕೆಳಗೆ ಜೋರಾಗಿ ಎಳೆದು ಅದನ್ನು ಒಡೆದೆ. ಟ್ರಿಪಾನ್ ನೀಲಿ ಹಾಕಿ ಎಣಿಸಿದಾಗ ಜಾಸ್ತಿ ಕೋಶಗಳು ನೀಲಿ ಕುಡಿದಿದ್ದವು, ಅಂದರೆ ಸತ್ತಿದ್ದವು. ಉಳಿದವುಗಳಲ್ಲೂ ಮರುದಿನ ಡಿಶ್ ಹಿಡಿದಿದ್ದು ಕೆಲವೇ ಕೆಲವು.

ನನ್ನ ಸೀನಿಯರ್ ಬಂದು ಕೇಳಿದ್ದು ಎರಡೇ ಪ್ರಶ್ನೆ. "ಯಾವ ಪಿಬಿಎಸ್ ತಗೊಂಡೆ? ಟ್ರಿಪ್ಸಿನ್‌ನಲ್ಲಿ ಇಡಿಟಿಎ ಇತ್ತಾ?" ಬಾಟಲಿಗಳನ್ನು ತಂದು ನೋಡಿದೆವು. ಪಿಬಿಎಸ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿದ್ದು. ಟ್ರಿಪ್ಸಿನ್ ಬಾಟಲಿಯಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕವಾದ ಇಡಿಟಿಎ ಇರಲಿಲ್ಲ. "ಹಾಗಾದರೆ ಹಾಳೆ ಬರಲೇಬೇಕು. ನೀನು ನೆಲದ ಹಿಡಿತ ಬಿಡಿಸಿದ್ದೀಯ, ಪಕ್ಕದವರ ಹಿಡಿತ ಹಾಗೇ ಇದೆ" ಅಂದರು.

ಆ ಮಾತೇ ನನಗೆ ಎಲ್ಲದರ ಆರಂಭ. ಅಲ್ಲಿಯವರೆಗೆ ಕೋಶ ಅಂಟಿಕೊಳ್ಳುವುದು ಎಂದರೆ ಒಂದೇ ತರಹದ ಅಂಟು ಅಂತ ನಾನು ತಿಳಿದಿದ್ದೆ. ಆದರೆ ಪಕ್ಕದ ಕೋಶವನ್ನು ಹಿಡಿಯುವುದಕ್ಕೆ ಒಂದು ಬಗೆಯ ಪ್ರೋಟೀನ್, ಕಾಲ ಕೆಳಗಿನ ಮ್ಯಾಟ್ರಿಕ್ಸ್ (ಕೋಶದ ಹೊರಗಿನ ಪ್ರೋಟೀನ್ ಹಾಸು) ಹಿಡಿಯುವುದಕ್ಕೆ ಬೇರೆಯೇ ಬಗೆಯ ಪ್ರೋಟೀನ್. ಪಕ್ಕದವರನ್ನು ಹಿಡಿಯುವ ಮುಖ್ಯ ಕೈ ಕ್ಯಾಡ್ಹೆರಿನ್, ನೆಲ ಹಿಡಿಯುವ ಮುಖ್ಯ ಕೈ ಇಂಟೆಗ್ರಿನ್. ಕ್ಯಾಡ್ಹೆರಿನ್‌ಗೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಅದರ ಕೀಲುಗಳಲ್ಲಿ ಕೂತಾಗ ಅದು ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಎದುರಿನ ಕೋಶದ ಕ್ಯಾಡ್ಹೆರಿನ್ ಜೊತೆ ಕೂಡಿಕೊಳ್ಳುತ್ತದೆ. ಹಾಗೆ ನಿಂತಿರುವಾಗ ಟ್ರಿಪ್ಸಿನ್‌ಗೂ ಅದನ್ನು ಸುಲಭವಾಗಿ ಕತ್ತರಿಸಲಾಗದು. ಕ್ಯಾಲ್ಸಿಯಂ ತೆಗೆದರೆ ಸಡಿಲವಾಗಿ ಟ್ರಿಪ್ಸಿನ್‌ಗೆ ಸಿಕ್ಕಿಬಿಡುತ್ತದೆ.

ಇದನ್ನು ಕಂಡುಕೊಂಡ ಜಪಾನಿನ ಮಸತೋಶಿ ತಾಕೆಇಚಿ ಅವರ ಕತೆ ಓದಿದಾಗ ನನಗೆ ನನ್ನ ಡಿಶ್ಶೇ ನೆನಪಾಯಿತು. ಕ್ಯೋಟೋದಲ್ಲಿ ಅವರು ಬಿಡಿಸಿದ ಕೋಶಗಳು ಮತ್ತೆ ಚೆನ್ನಾಗಿ ಒಟ್ಟುಗೂಡುತ್ತಿದ್ದವು. ಅಮೆರಿಕದ ಕಾರ್ನೆಗಿ ಸಂಸ್ಥೆಯ ಲ್ಯಾಬಿಗೆ ಹೋದಾಗ ಒಟ್ಟುಗೂಡಲಿಲ್ಲ. ವ್ಯತ್ಯಾಸ ಇದ್ದದ್ದು ಟ್ರಿಪ್ಸಿನ್‌ನಲ್ಲಿ. ಅಲ್ಲಿನ ಟ್ರಿಪ್ಸಿನ್‌ಗೆ ಇಡಿಟಿಎ ಬೆರೆಸಿರುತ್ತಿತ್ತು, ಅದು ಕ್ಯಾಲ್ಸಿಯಂ ಕಸಿದುಕೊಳ್ಳುತ್ತಿತ್ತು. ಅದರ ಬೆನ್ನು ಹತ್ತಿ 1977ರಲ್ಲಿ ಅವರು ಕ್ಯಾಲ್ಸಿಯಂ ಬೇಕಾದ ಹಿಡಿತವೇ ಬೇರೆ ಅಂತ ತೋರಿಸಿದರು. ಕೆಟ್ಟ ಪ್ರಯೋಗವನ್ನು ಚೆಲ್ಲಿ ಮುಂದೆ ಹೋಗದೆ, ಯಾಕೆ ಕೆಟ್ಟಿತು ಅಂತ ನಿಂತು ನೋಡಿದರಲ್ಲ, ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಎರಡು ಕೈ ಇರುವುದು ನಿಜವಾದರೆ ಒಂದನ್ನು ಮಾತ್ರ ಬಿಡಿಸಲು ಆಗಬೇಕು, ಅಲ್ವಾ? ನೆಲದ ಕೈ ಬಿಡಿಸಿದ್ದು ಆಗಲೇ ನೋಡಿದ್ದೆ. ಈಗ ಪಕ್ಕದ ಕೈ ಮಾತ್ರ ಬಿಡಿಸಬೇಕು. ಅದಕ್ಕೆ ಇಡಿಟಿಎ ಜಾತಿಯದೇ ಆದ ಇಜಿಟಿಎ ಬಳಸಿದೆ. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿಯುತ್ತದೆ. ಇಜಿಟಿಎ ಮಾತ್ರ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದು ಮೆಗ್ನೀಸಿಯಂ ಅನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಇಂಟೆಗ್ರಿನ್‌ಗೆ ಮೆಗ್ನೀಸಿಯಂ ಇದ್ದರೆ ಹಿಡಿತ ನಿಲ್ಲುತ್ತದೆ. (ಇಜಿಟಿಎ ಪುಡಿ ನೀರಿಗೆ ಹಾಕಿದ ತಕ್ಷಣ ಕರಗುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಟ್ಟು ಪಿಎಚ್ 8ರ ಹತ್ತಿರ ತಂದಾಗ ಕರಗುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಗಂಟೆ ಕಲಕುತ್ತಾ ಕೂತಿದ್ದೆ.)

ತುಂಬಿದ ಡಿಶ್ ತೆಗೆದುಕೊಂಡು, ಕ್ಯಾಲ್ಸಿಯಂ ಇಲ್ಲದ ಆದರೆ ಮೆಗ್ನೀಸಿಯಂ ಇರುವ ಮೀಡಿಯಾಗೆ 2 ಮಿಲಿಮೋಲಾರ್ ಇಜಿಟಿಎ ಸೇರಿಸಿ ಹಾಕಿದೆ. ಮೈಕ್ರೋಸ್ಕೋಪ್ ಮುಂದೆ ಕೂತೆ. ಮೊದಲ ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಕೋಶಗಳ ನಡುವೆ ಬೆಳಕಿನ ಗೆರೆಗಳು ಮೂಡಿದವು. ಗೆರೆ ಅಗಲವಾಗಿ ಸಂದಿಯಾಯಿತು. ಒಂದೊಂದು ಕೋಶವೂ ಅಂಚುಗಳನ್ನು ಒಳಗೆ ಎಳೆದುಕೊಂಡು ಕುಗ್ಗಿತು. ಅರ್ಧ ಗಂಟೆಯಲ್ಲಿ ಕಲ್ಲುಹಾಸು ಹೋಗಿ ಬಿಡಿ ಬಿಡಿ ಗುಬುಟುಗಳಾದವು. ಡಿಶ್ ಮೆಲ್ಲಗೆ ತಟ್ಟಿದೆ. ಬಹುತೇಕ ಒಂದೂ ಕದಲಲಿಲ್ಲ! ಪಕ್ಕದವರನ್ನು ಬಿಟ್ಟಿದ್ದವು, ನೆಲ ಬಿಟ್ಟಿರಲಿಲ್ಲ. ಆಮೇಲೆ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಮಾಮೂಲಿ ಮೀಡಿಯಾ ವಾಪಸ್ ಹಾಕಿದೆ. ಕೆಲವು ಗಂಟೆಗಳಲ್ಲಿ ಅಂಚುಗಳು ಮತ್ತೆ ಕೂಡಿಕೊಂಡವು.

ಚರ್ಮದ ಎರಡು ಕಾಯಿಲೆಗಳ ಬಗ್ಗೆ ಓದಿದಾಗ ನನ್ನ ಈ ಎರಡು ಡಿಶ್‌ಗಳೇ ಕಣ್ಣ ಮುಂದೆ ಬಂದವು. ಪೆಂಫಿಗಸ್ ವಲ್ಗಾರಿಸ್‌ನಲ್ಲಿ ದೇಹದ ಪ್ರತಿಕಾಯಗಳು ಡೆಸ್ಮೋಗ್ಲೀನ್ ಎಂಬ ಪ್ರೋಟೀನ್ ಮೇಲೆ ಬೀಳುತ್ತವೆ. ಅದು ಕ್ಯಾಡ್ಹೆರಿನ್ ಬಳಗದ್ದೇ. ಚರ್ಮದ ಕೋಶಗಳು ಒಂದನ್ನೊಂದು ಬಿಡುತ್ತವೆ, ಆದರೆ ತಳದ ಸಾಲು ಮಾತ್ರ ನೆಲ ಹಿಡಿದು ನಿಂತಿರುತ್ತದೆ. ಗುಳ್ಳೆ ಮೆತ್ತಗಿದ್ದು ಬೇಗ ಒಡೆಯುತ್ತದೆ. ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಪ್ರತಿಕಾಯಗಳು ಬೀಳುವುದು ತಳದ ಕೋಶವನ್ನು ನೆಲಕ್ಕೆ ಕಟ್ಟುವ ಹೆಮಿಡೆಸ್ಮೋಸೋಮ್ ಮೇಲೆ. ಅಲ್ಲಿ ಮೇಲಿನ ಚರ್ಮ ಪೂರ್ತಿ ಹಾಳೆಯಾಗಿ ಏಳುತ್ತದೆ, ಗುಳ್ಳೆ ಬಿಗಿಯಾಗಿರುತ್ತದೆ. ಒಂದು ನನ್ನ ಇಜಿಟಿಎ ಡಿಶ್, ಇನ್ನೊಂದು ನನ್ನ ಟ್ರಿಪ್ಸಿನ್ ಹಾಳೆ. ನಾನು ಡಿಶ್‌ನಲ್ಲಿ ಅರ್ಧ ಗಂಟೆ ಮಾಡಿದ್ದನ್ನು ಜನ ಮೈಮೇಲೆ ಅನುಭವಿಸುತ್ತಾರೆ ಅಂತ ಅನ್ನಿಸಿ ಆ ದಿನ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ನೆಲದ ಹಿಡಿತ ಅಳೆಯುವ ಕೆಲಸ ಆಮೇಲೆ ಬಂತು. ಇದಕ್ಕೆ ಫೈಬ್ರೊಬ್ಲಾಸ್ಟ್ ಕೋಶಗಳು, ಅಂದರೆ ದೇಹದ ಜೋಡಣೆ ಅಂಗಾಂಶದವು. ಮನುಷ್ಯರಲ್ಲಿ ಇಂಟೆಗ್ರಿನ್‌ನ 18 ಆಲ್ಫಾ, 8 ಬೀಟಾ ತುಂಡುಗಳಿವೆ. ಅವು ಜೋಡಿಯಾಗಿ 24 ಬಗೆಯಾಗುತ್ತವೆ, ಒಂದೊಂದು ಬಗೆಗೂ ಇಷ್ಟದ ನೆಲ ಬೇರೆ. ನಾನು ಆರಿಸಿದ ನೆಲ ಫೈಬ್ರೊನೆಕ್ಟಿನ್ ಎಂಬ ಮ್ಯಾಟ್ರಿಕ್ಸ್ ಪ್ರೋಟೀನ್. ಅದರಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಈ ಮೂರು ಅಮೈನೊ ಆಮ್ಲಗಳು ಸಾಲಾಗಿ ಬರುವ ಒಂದು ಜಾಗ ಇದೆ. ಕೋಶ ಹಿಡಿಯುವುದು ಮುಖ್ಯವಾಗಿ ಅಲ್ಲೇ. 1984ರಲ್ಲಿ ಪಿಯರ್ಷ್‌ಬಾಕರ್ ಮತ್ತು ರುಓಸ್ಲಾಟಿ ಇದನ್ನು ತೋರಿಸಿದರು. ಅಷ್ಟು ದೊಡ್ಡ ಪ್ರೋಟೀನ್‌ನಲ್ಲಿ ಮೂರೇ ಮೂರು!

ಮೊದಲ ಸಲ ಫೈಬ್ರೊನೆಕ್ಟಿನ್ ಪುಡಿಗೆ ನೀರು ಹಾಕಿ, ಬೇಗ ಕರಗಲಿ ಅಂತ ವೋರ್ಟೆಕ್ಸ್ ಯಂತ್ರದಲ್ಲಿಟ್ಟು ಜೋರಾಗಿ ಅಲ್ಲಾಡಿಸಿದೆ. ಬಿಳಿ ಎಳೆಗಳಾಗಿ ಗಂಟು ಕಟ್ಟಿಕೊಂಡಿತು. ಅದು ಸಹಜವಾಗಿಯೇ ಎಳೆ ಕಟ್ಟುವ ಪ್ರೋಟೀನ್, ಜೋರಾಗಿ ಅಲ್ಲಾಡಿಸಿದರೆ ಅದೇ ಆಗುವುದು. ಬೆಲೆಬಾಳುವ ವಸ್ತು, ಪೂರ್ತಿ ಹೋಯಿತು. ಈಗ ನಾನು ನೀರು ಹಾಕಿ 37 ಡಿಗ್ರಿಯಲ್ಲಿ ಸುಮ್ನೆ ಬಿಟ್ಟುಬಿಡುತ್ತೇನೆ, ಮುಟ್ಟುವುದೇ ಇಲ್ಲ.

ಎರಡನೆಯ ಸಲ ಪ್ಲೇಟಿನ ಎಲ್ಲ ಬಾವಿಗಳಲ್ಲೂ (ಕೋಶ ಹಾಕುವ ಚಿಕ್ಕ ಗುಳಿಗಳಲ್ಲೂ) ಕೋಶ ಅಂಟಿಕೊಂಡವು, ಫೈಬ್ರೊನೆಕ್ಟಿನ್ ಹಾಕದ ಬಾವಿಗಳಲ್ಲೂ ಸಹ. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ಟ್ರಿಪ್ಸಿನ್ ನಿಲ್ಲಿಸಲು ನಾನು ಅಭ್ಯಾಸದಂತೆ ಸೀರಮ್ (ರಕ್ತದಿಂದ ತೆಗೆದ ತಿಳಿ ದ್ರವ) ಇರುವ ಮೀಡಿಯಾ ಹಾಕಿದ್ದೆ. ಸೀರಮ್‌ನಲ್ಲೇ ವಿಟ್ರೊನೆಕ್ಟಿನ್, ಫೈಬ್ರೊನೆಕ್ಟಿನ್ ಎರಡೂ ಇರುತ್ತವೆ. ಅವು ಪ್ಲಾಸ್ಟಿಕ್ ಮೇಲೆ ಕೂತು ನೆಲ ಹಾಸಿಕೊಟ್ಟಿದ್ದವು. ನಿಜ ಹೇಳಬೇಕೆಂದರೆ ದಿನನಿತ್ಯ ಕೋಶಗಳು ಹಿಡಿಯುವುದು ಬರೀ ಪ್ಲಾಸ್ಟಿಕ್ ಅನ್ನಲ್ಲ, ಸೀರಮ್‌ನಿಂದ ಬಂದು ಅದರ ಮೇಲೆ ಕೂತ ಈ ಪದರವನ್ನು. ಈಗ ಟ್ರಿಪ್ಸಿನ್ ನಿಲ್ಲಿಸಲು ಸೋಯಾ ಟ್ರಿಪ್ಸಿನ್ ಇನ್ಹಿಬಿಟರ್ ಹಾಕುತ್ತೇನೆ. ಬಾವಿಗಳಿಗೆ ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಫೈಬ್ರೊನೆಕ್ಟಿನ್ ಒಂದು ಗಂಟೆ. ಆಮೇಲೆ ಖಾಲಿ ಉಳಿದ ಪ್ಲಾಸ್ಟಿಕ್ ಮುಚ್ಚಲು, ಬಿಸಿ ಮಾಡಿ ಕೆಡಿಸಿದ ಬಿಎಸ್ಎ ಎಂಬ ಹಸುವಿನ ರಕ್ತದ ಪ್ರೋಟೀನ್. ಸೀರಮ್ ಇಲ್ಲದ ಮೀಡಿಯಾದಲ್ಲಿ ಕೋಶ ಹಾಕಿ ಅರ್ಧ ಗಂಟೆ. ಮೆಲ್ಲಗೆ ತೊಳೆದು, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, ಆ ಬಣ್ಣವನ್ನು ಅಸಿಟಿಕ್ ಆಮ್ಲದಲ್ಲಿ ಬಿಡಿಸಿ 590 ನ್ಯಾನೊಮೀಟರಿನಲ್ಲಿ ಓದುವುದು. ಪ್ಲೇಟನ್ನು ಗುಂಡಗೆ ತಿರುಗಿಸಬೇಡಿ, ಕೋಶಗಳೆಲ್ಲ ನಡುವಿಗೆ ಬಂದು ಸೇರುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸಿ.

ಪಾಲಿಲೈಸಿನ್ ಹಾಕಿದ ಬಾವಿಯನ್ನೂ ಪಕ್ಕದಲ್ಲಿ ಇಟ್ಟಿದ್ದೆ. ಎಣಿಕೆಯಲ್ಲಿ ಅದೂ ಫೈಬ್ರೊನೆಕ್ಟಿನ್‌ನಷ್ಟೇ ಕೋಶ ಹಿಡಿದಿತ್ತು. ಆದರೆ ಮೈಕ್ರೋಸ್ಕೋಪಿನಲ್ಲಿ ಅವು ಗುಂಡಗೇ ಕೂತಿದ್ದವು. ಪಾಲಿಲೈಸಿನ್ ಬರೀ ವಿದ್ಯುದಂಶದ ಸೆಳೆತದಿಂದ ಕೋಶವನ್ನು ಹಿಡಿದಿಡುತ್ತದೆ. ಫೈಬ್ರೊನೆಕ್ಟಿನ್ ಮೇಲಿನವು ಚಪ್ಪಟೆಯಾಗಿ ಹರಡಿದ್ದವು. ಅಂಟಿಕೊಂಡಿರುವುದೇ ಬೇರೆ, ಹಿಡಿದುಕೊಂಡಿರುವುದೇ ಬೇರೆ ಅಂತ ನನಗೆ ಗೊತ್ತಾಗಿದ್ದು ಆ ಎರಡು ಬಾವಿಗಳಿಂದ. ಬರೀ ಎಣಿಕೆ ನೋಡಿ ತೀರ್ಮಾನ ಮಾಡುವುದನ್ನು ಅವತ್ತೇ ಬಿಟ್ಟೆ.

ಹಿಡಿದುಕೊಳ್ಳುವುದು ಹೇಗೆ ಕಾಣುತ್ತದೆ ಅಂತ ನೋಡಲು ಕೋಶದೊಳಗಿನ ಎರಡು ಪ್ರೋಟೀನ್‌ಗಳಿಗೆ ಬಣ್ಣ ಹಾಕಿದೆ, ವಿಂಕ್ಯುಲಿನ್‌ಗೆ ಹಸಿರು, ಆಕ್ಟಿನ್‌ಗೆ ಕೆಂಪು. ಆಕ್ಟಿನ್ ದಪ್ಪ ಹಗ್ಗಗಳಾಗಿ ಕೋಶದ ಉದ್ದಕ್ಕೂ ಹರಿದಿತ್ತು. ಪ್ರತಿ ಹಗ್ಗದ ತುದಿಯಲ್ಲಿ ಕೆಲವೇ ಮೈಕ್ರೋಮೀಟರ್ ಉದ್ದದ ಹಸಿರು ಗೀಟು. ಡೇರೆಯ ಹಗ್ಗವನ್ನು ಗೂಟಕ್ಕೆ ಬಿಗಿದ ಹಾಗೆ. ಗೂಟದ ಹೊರಗೆ ಇಂಟೆಗ್ರಿನ್, ಒಳಗೆ ಟ್ಯಾಲಿನ್ ಎಂಬ ಪ್ರೋಟೀನ್. ಹಗ್ಗ ಎಳೆದಾಗ ಟ್ಯಾಲಿನ್ ಹಿಗ್ಗಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಜಾಗಕ್ಕೆ ವಿಂಕ್ಯುಲಿನ್ ಬಂದು ಕೂರುತ್ತದೆ. ಎಳೆದಷ್ಟೂ ಗೂಟ ಗಟ್ಟಿ. ಇದನ್ನು ಪರೀಕ್ಷಿಸಲು ಬ್ಲೆಬಿಸ್ಟಾಟಿನ್ ಎಂಬ ಔಷಧಿ ಹಾಕಿ, ಹಗ್ಗ ಎಳೆಯುವ ಮಯೋಸಿನ್ ಪ್ರೋಟೀನ್‌ನ ಎಳೆತ ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ಹಗ್ಗಗಳೂ ಹೋದವು, ಹಸಿರು ಗೀಟುಗಳೂ ಕರಗಿದವು. (ಬ್ಲೆಬಿಸ್ಟಾಟಿನ್‌ಗೆ ನೀಲಿ ಬೆಳಕು ತಾಗಿಸಬೇಡಿ. ಔಷಧಿಯೂ ಕೆಡುತ್ತದೆ, ಕೋಶವೂ ಕೆಡುತ್ತದೆ.)

ಅದೇ ವಿಂಕ್ಯುಲಿನ್ ಬಣ್ಣವನ್ನು ಎಂಡಿಸಿಕೆ ಮೇಲೆ ಹಾಕಿದಾಗ ಕೋಶ ಕೋಶಗಳ ಅಂಚಿನಲ್ಲೂ ಹಸಿರು ಬಂತು. ಬಣ್ಣ ಅಂಟಿಸುವ ಪ್ರತಿಕಾಯ ಸರಿಯಿಲ್ಲ ಅಂದುಕೊಂಡು ಮೂರು ಸಲ ತೊಳೆಯುವ ಕ್ರಮ ಬದಲಿಸಿದೆ. ಹಸಿರು ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಕ್ಯಾಡ್ಹೆರಿನ್ ಒಳಗಡೆ ಬೀಟಾ ಕೆಟೆನಿನ್, ಅದಕ್ಕೆ ಆಲ್ಫಾ ಕೆಟೆನಿನ್, ಅದರಿಂದ ಆಕ್ಟಿನ್ ಹಗ್ಗ. ಎಳೆತ ಬಿದ್ದಾಗ ಆಲ್ಫಾ ಕೆಟೆನಿನ್ ಸಹ ಟ್ಯಾಲಿನ್ ಹಾಗೇ ಬಿಚ್ಚಿಕೊಂಡು ವಿಂಕ್ಯುಲಿನ್‌ಗೆ ಜಾಗ ಕೊಡುತ್ತದೆ. ಹೊರಗಿನ ಕೈಗಳು ಎರಡು ಬಗೆ, ಒಳಗೆ ಬಿಗಿಯುವ ಪ್ರೋಟೀನ್ ಒಂದೇ. ಕಸ ಅಂತ ತೊಳೆದು ತೆಗೆಯಲು ಹೊರಟಿದ್ದೆನಲ್ಲ, ನನ್ನ ಕೆಲಸದಲ್ಲಿ ನಾನು ಕಂಡ ಅತಿ ಚಂದದ ಸಂಗತಿ ಅದೇ.

ಈಗಲೂ ಎಂಡಿಸಿಕೆ ಡಿಶ್ ತುಂಬಿ ಕೆಲವು ದಿನವಾದಾಗ ಅಲ್ಲಲ್ಲಿ ಗುಮ್ಮಟಗಳು ಏಳುತ್ತವೆ. ಕೋಶಗಳು ಮೇಲಿನಿಂದ ಉಪ್ಪು, ನೀರು ಎಳೆದು ಕೆಳಗೆ ತುಂಬುತ್ತವೆ. ನೀರು ಕೂಡಿ ಕೂಡಿ ಪದರ ಉಬ್ಬುತ್ತದೆ. ಫೋಕಸ್ ಗುಂಡಿ ಮೆಲ್ಲಗೆ ತಿರುಗಿಸಿದರೆ ಗುಮ್ಮಟದ ಬುಡದಿಂದ ನೆತ್ತಿಯವರೆಗೆ ಒಂದೊಂದೇ ಸುತ್ತು ಕಣ್ಣಿಗೆ ಬೀಳುತ್ತದೆ. ನೆತ್ತಿಯ ಕೋಶಗಳ ಕೆಳಗೆ ನೆಲವೇ ಇಲ್ಲ, ಬರೀ ನೀರು. ಪಕ್ಕದವರ ಹಿಡಿತದ ಮೇಲೆಯೇ ನಿಂತಿರುತ್ತವೆ. ಟ್ರಿಪ್ಸಿನ್ ಹಾಕುವ ಮುಂಚೆ ಒಂದು ನಿಮಿಷ ಅವನ್ನು ನೋಡಿಯೇ ನಾನು ಡಿಶ್ ಅನ್ನು ಕ್ರಿಮಿ ಬಾರದಂತೆ ಕೆಲಸ ಮಾಡುವ ಹುಡ್‌ಗೆ ತರುವುದು.