ಸುಪೆ ಸೀಮೆಯ ಬೀಳು ನೆಲದಲ್ಲಿ ಚಿಂಕಾರಕ್ಕೆ ಮೇವು

ಪುಣೆ ಜಿಲ್ಲೆಯ ಸುಪೆ ಸೀಮೆಯ ನೆಲ ಥೇಟ್ ನಮ್ಮ ಬಾಗಲಕೋಟೆಯ ಯಡಹಳ್ಳಿ ಕಡೆಯದರಂತೆ: ಗರಸು ಮಣ್ಣು, ಕುರುಚಲು, ಕಡಿಮೆ ಮಳೆ. 1997ರಲ್ಲಿ ಘೋಷಣೆಯಾದ ಇಲ್ಲಿನ ಮಯೂರೇಶ್ವರ ಅಭಯಾರಣ್ಯ ಬರೀ 5 ಚದರ ಕಿ.ಮೀ. ಚಿಲ್ಲರೆ. ಇಲ್ಲಿನ ಚಿಂಕಾರಗಳು, ಅಂದರೆ ಜಿಂಕೆಯಂಥ ಸಣ್ಣ ಹುಲ್ಲೆಗಳು, ಸುತ್ತಲಿನ ಹೊಲಗಳಿಗೂ ಬರುತ್ತವೆ. ಆ ಕಡೆಯ ಎರಡು ಎಕರೆ ಬೀಳನ್ನು ನಾನು ಮೇವಿಗೆ ಸಿದ್ಧಮಾಡಿದ್ದು ಹೀಗೆ.

ನೇಪಿಯರ್ ಹುಲ್ಲು ಬೇಡವೇ ಬೇಡ. ದೂರದಿಂದ ಅಪಾಯ ಕಂಡು ಓಡಿ ಬದುಕುವ ಪ್ರಾಣಿ ಚಿಂಕಾರ. ಆಳೆತ್ತರದ ಹುಲ್ಲಿನೊಳಗೆ ಕಾಲಿಡುವುದಿಲ್ಲ. ಹುಲ್ಲಿಗಿಂತ ಎಲೆ, ಚಿಗುರು, ಕಾಯಿಗಳನ್ನೇ ಹೆಚ್ಚು ತಿನ್ನುತ್ತದೆ. ಹಾಗಾಗಿ ಮುಳ್ಳುಬಾರಿ ಗಿಡಗಳನ್ನು ಒಂದೂ ಕಡಿಯಲಿಲ್ಲ. ಬಳ್ಳಾರಿ ಜಾಲಿಯನ್ನು ಮಾತ್ರ ನೆಲದೊಳಗೆ ಒಂದಡಿ ಅಗೆದು ಬುಡಸಮೇತ ತೆಗೆದೆ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ.

ಹುಲ್ಲಿಗೆ ಅಂಜನ್ ಮತ್ತು ಇಲ್ಲಿಯವರು ಮಾರ್ವೆಲ್, ಪವನ್ಯಾ ಅನ್ನುವ ಜಾತಿಗಳು, ಎಕರೆಗೆ ಒಟ್ಟು ಎರಡೂವರೆ ಕಿಲೋ. ಅಂಜನ್ ಬೀಜ ಹಿಂದಿನ ವರ್ಷದ್ದೇ ಆಗಬೇಕು, ಹೊಸದು ಸರಿಯಾಗಿ ಮೊಳೆಯುವುದಿಲ್ಲ. ಬೀಜ ಹಗುರ, ನವಿರು ಕೂದಲಿನದು. ಕೈಗೆ ಅಂಟುತ್ತದೆ, ಗಾಳಿಗೆ ಹಾರುತ್ತದೆ. ಜೇಡಿಮಣ್ಣು, ಸಗಣಿ ಕಲಸಿ ಕಡಲೆಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿದರೆ ಇರುವೆಯೂ ಹೊರುವುದಿಲ್ಲ. ಜೂನ್‌ನ ಮೊದಲ ಹದಮಳೆ ಆದಮೇಲೆ ಒಂದೂವರೆ ಅಡಿಗೊಂದು ಸಾಲಿನಲ್ಲಿ ಬಿತ್ತನೆ. ಆಳ ಒಂದು ಸೆಂಟಿಮೀಟರ್ ಮೀರಬಾರದು. ಹೆಚ್ಚಿನವರ ಬಿತ್ತನೆ ಕೆಡುವುದು ಇಲ್ಲೇ: ಕೂರಿಗೆಯಲ್ಲಿ ಆಳಕ್ಕೆ ಹಾಕಿದ ಬೀಜ ಮೇಲೆ ಬರುವುದೇ ಇಲ್ಲ.

ಆಗಸ್ಟ್‌ನಲ್ಲಿ ಹತ್ತು ಗುಂಟೆಗೆ ಮೂರು ಕಿಲೋ ಹುರುಳಿ. ಔಷಧಿ ಹಚ್ಚಿದ ಬೀಜ ಬೇಡ. ಕಾಯಿಯನ್ನು ಕೊಯ್ಯದೆ ಹಾಗೇ ಬಿಡಬೇಕು. ಯೂರಿಯಾ ಹಾಕಿದರೆ ಕಾಂಗ್ರೆಸ್ ಕಸಕ್ಕೇ ಹಬ್ಬ. ಅದನ್ನು ಹೂ ಬಿಡುವ ಮೊದಲೇ ಕಿತ್ತೆಸೆಯಬೇಕು.

ಮೊದಲ ಮಳೆಗಾಲ ಪೂರ್ತಿ ಆಡು, ದನ ಒಳಗೆ ಬರಬಾರದು, ಎಳೆ ಸಸಿ ಬೇರುಸಹಿತ ಕಿತ್ತುಬರುತ್ತದೆ. ಮುಳ್ಳುತಂತಿ ಹಾಕಬೇಡಿ. ನಾಯಿ ಅಟ್ಟಿಸಿಕೊಂಡು ಬಂದಾಗ ಚಿಂಕಾರ ತಂತಿಗೆ ಸಿಕ್ಕಿಕೊಳ್ಳುತ್ತದೆ. ಈ ಸೀಮೆಯಲ್ಲಿ ಅದಕ್ಕೆ ನಾಯಿಗಳಷ್ಟು ಕಾಟ ಕೊಡುವವರು ಬೇರೆ ಯಾರೂ ಇಲ್ಲ. ಬಾರಿಮುಳ್ಳಿನ ತಗ್ಗು ಬೇಲಿ, ನಡುನಡುವೆ ಅಗಲವಾದ ದಾರಿ ಸಾಕು. ದನ ಕಾಯಲು ಆಳು ಇಡಿ. ಫೋಟೊಕ್ಕೆಂದು ಕಾಳು ಸುರಿಯುವುದೂ ತಪ್ಪು, ಪ್ರಾಣಿಗೆ ಮನುಷ್ಯರ ಭಯ ಹೋಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಇದು. ಉರುಲು, ಬೆನ್ನಟ್ಟುವುದು ಎಲ್ಲ ಅಪರಾಧ.

ಚಿಂಕಾರ ಬಂದಿದೆಯೋ ಇಲ್ಲವೋ ತಿಳಿಯಲು ಹುರುಳಿಯ ಕುಡಿ ನೋಡಿ. ಮೊಲ ತಿಂದಿದ್ದರೆ ಕತ್ತರಿಯಿಟ್ಟಂತೆ ಓರೆಯಾಗಿ ನುಣ್ಣಗಿರುತ್ತದೆ. ಚಿಂಕಾರಕ್ಕೆ ಮೇಲಿನ ಮುಂಬಲ್ಲಿಲ್ಲ, ಕುಡಿ ಹರಿದು ನಾರು ಎದ್ದಿರುತ್ತದೆ. ಹತ್ತಿರದಲ್ಲೇ ಒಂದೇ ಜಾಗದಲ್ಲಿ ಹಿಕ್ಕೆಯ ಗುಡ್ಡೆಯೂ ಸಿಗುತ್ತದೆ.