ಹಳೆಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೈನಿಂಗ್: ಮೊದಲು ಕರೆಂಟ್ ಬಿಲ್ ಕೈಗೆತ್ತಿಕೊಳ್ಳಿ

ಆರ್‌ಎಕ್ಸ್ 580, ಜಿಟಿಎಕ್ಸ್ 1060 ತರಹದ ಕಾರ್ಡ್ ಮನೆಯಲ್ಲಿ ಸುಮ್ಮನೆ ಬಿದ್ದಿದ್ದರೆ, ಕ್ರಿಪ್ಟೊ ಮೈನಿಂಗ್‌ಗೆ (ಕಂಪ್ಯೂಟರಿನಿಂದ ಸತತ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದಕ್ಕೆ) ಹಚ್ಚಿ ನಾಲ್ಕು ಕಾಸು ಮಾಡಬಹುದೇ ಎಂಬ ಆಸೆ ಸಹಜ. ಸಾಫ್ಟ್‌ವೇರ್ ಇಳಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮುನ್ನ ಪೆನ್ನು ಕಾಗದ ಹಿಡಿದು ಕೂರಬೇಕು.

1. ಯಾವ ನಾಣ್ಯ?

ಬಿಟ್‌ಕಾಯಿನ್ ಆಸೆ ಬಿಡಿ. ಅದಕ್ಕೆಂದೇ ತಯಾರಾದ ಏಸಿಕ್ ಯಂತ್ರಗಳ ಮುಂದೆ ಗ್ರಾಫಿಕ್ಸ್ ಕಾರ್ಡ್ ಲೆಕ್ಕಕ್ಕೇ ಇಲ್ಲ. ಇಂತಹ ಕಾರ್ಡ್‌ಗಳಿಗೆ ಅನ್ನ ಹಾಕುತ್ತಿದ್ದುದು ಇಥೀರಿಯಂ ಎಂಬ ನಾಣ್ಯ. 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಕೆಲಸ ಕಳೆದುಕೊಂಡ ಕಾರ್ಡ್‌ಗಳು ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್‌ನಂಥ ಬೇರೆ ನಾಣ್ಯಗಳ ಕಡೆಗೆ ಮುಗಿಬಿದ್ದವು. ಅಲ್ಲಿ ಹಂಚುವ ನಾಣ್ಯ ಹೆಚ್ಚಲಿಲ್ಲ, ಪಾಲುದಾರರು ಮಾತ್ರ ಹೆಚ್ಚಿದರು. 4 ಜಿಬಿ ಮೆಮೊರಿಯ ಕಾರ್ಡ್‌ಗಳಂತೂ ಮೆಮೊರಿ ಸಾಲದೆ 2020ರ ಕೊನೆಗೇ ಇಥೀರಿಯಂನಿಂದ ಹೊರಬಿದ್ದಿದ್ದವು.

2. ವಾಟ್ ಅಳೆಯಿರಿ

ಪರದೆಯ ಮೇಲೆ ಕಾಣುವ ವಾಟ್ ನಂಬಬೇಡಿ. ಎಎಂಡಿಯ ಹಳೆಯ ಕಾರ್ಡ್‌ಗಳು ಚಿಪ್ ಎಳೆಯುವಷ್ಟನ್ನೇ ತೋರಿಸುತ್ತವೆ. ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್ ತಂದು ಇಡೀ ಕಂಪ್ಯೂಟರಿನ ಬಳಕೆ ಅಳೆಯಿರಿ. ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಕರೆಂಟಿನ ಮಿತಿ) ಇಳಿಸಿದರೆ ವೇಗ ತುಸು ತಗ್ಗಿ, ಬಳಕೆ ಅದಕ್ಕಿಂತ ಹೆಚ್ಚು ತಗ್ಗುತ್ತದೆ.

ಎಲ್ಲ ಸೇರಿ 180 ವಾಟ್ ಎನ್ನಿ. ದಿನಕ್ಕೆ 4.32 ಯೂನಿಟ್, ತಿಂಗಳಿಗೆ ಸುಮಾರು 130. ತೆರಿಗೆ, ಸರ್‌ಚಾರ್ಜ್ ಎಲ್ಲ ಹಿಡಿದು ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೆ 907 ರೂಪಾಯಿ. ನಿಮ್ಮ ಬಿಲ್‌ನ ದರ ಹಾಕಿ ನೋಡಿ.

ಗೃಹಜ್ಯೋತಿ ಫಲಾನುಭವಿಗಳಿಗೆ ಇಲ್ಲೊಂದು ಗುಂಡಿ ಇದೆ. ಮನೆಯ ಬಳಕೆ 120 ಯೂನಿಟ್ ಇದ್ದು, ಈ 130 ಸೇರಿದರೆ 250. ತಿಂಗಳಿಗೆ 200 ದಾಟಿದರೆ ಹೆಚ್ಚುವರಿ 50ಕ್ಕಷ್ಟೇ ಅಲ್ಲ, ಪೂರ್ತಿ 250ಕ್ಕೂ ಬಿಲ್ ಬರುತ್ತದೆ. ಇಷ್ಟು ದಿನ ಪುಕ್ಕಟೆಯಾಗಿದ್ದ ಫ್ಯಾನು, ಫ್ರಿಜ್ಜಿನ ಖರ್ಚೂ ಮೈನಿಂಗ್ ಖಾತೆಗೇ ಬೀಳಬೇಕು. ಮಹಡಿ ಮೇಲೆ ಸೋಲಾರ್ ಇದೆ ಎನ್ನುವವರು, ಆ ಕರೆಂಟನ್ನು ಗ್ರಿಡ್‌ಗೆ ಕೊಟ್ಟಿದ್ದರೆ ಸಿಗುತ್ತಿದ್ದ ಹಣವನ್ನಾದರೂ ಖರ್ಚಿಗೆ ಬರೆಯಿರಿ.

3. ಆದಾಯ ನೋಡಿ

ಮೈನಿಂಗ್ ಆದಾಯದ ಲೆಕ್ಕ ಹಾಕಿಕೊಡುವ ವಾಟ್‌ಟುಮೈನ್ ಜಾಲತಾಣದಲ್ಲಿ ಕಾರ್ಡ್ ಆರಿಸಿ, ಮೀಟರ್ ತೋರಿಸಿದ ವಾಟ್ ಮತ್ತು ನಿಮ್ಮ ದರ ತುಂಬಿ. ಹ್ಯಾಶ್‌ರೇಟ್, ಅಂದರೆ ಕಾರ್ಡ್ ಲೆಕ್ಕ ಮಾಡುವ ವೇಗ, ನಾಣ್ಯದಿಂದ ನಾಣ್ಯಕ್ಕೆ ಬದಲಾಗುತ್ತದೆ: ಇಥೀರಿಯಂ ಕ್ಲಾಸಿಕ್‌ನಲ್ಲಿ 30 ಮೆಗಾಹ್ಯಾಶ್ ಆಸುಪಾಸು ಕೊಡುವ ಆರ್‌ಎಕ್ಸ್ 580, ರೇವನ್‌ಕಾಯಿನ್‌ನಲ್ಲಿ ಅದರ ಅರ್ಧವನ್ನೂ ಮುಟ್ಟುವುದು ಕಷ್ಟ. ಹಲವರು ಕೂಡಿ ಮೈನಿಂಗ್ ಮಾಡಿ ಗಳಿಕೆ ಹಂಚಿಕೊಳ್ಳುವ ಗುಂಪಿಗೆ ಪೂಲ್ ಎನ್ನುತ್ತಾರೆ; ಅದರ ಶುಲ್ಕ ಸಾಮಾನ್ಯವಾಗಿ ಶೇ 1ರಷ್ಟು. ಜೊತೆಗೆ ಪೂಲ್‌ನ ಕನಿಷ್ಠ ಪಾವತಿ ಮೊತ್ತ ನೋಡಿ. ಒಂದೇ ಕಾರ್ಡ್ ಇದ್ದರೆ ಅಷ್ಟು ಕೂಡಲು ವಾರಗಟ್ಟಲೆ ಕಾಯಬೇಕಾದೀತು.

4. ತೆರಿಗೆ ಕಳೆಯಿರಿ

ಹೆಚ್ಚಿನವರು ಮರೆಯುವುದು ಇದನ್ನೇ. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಕ್ರಿಪ್ಟೊ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು 31.2. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಮೈನಿಂಗ್ ಸಲಕರಣೆಗೆ ಹಾಕಿದ ಹಣ ಕೊಂಡ ಬೆಲೆ ಎನಿಸುವುದಿಲ್ಲ ಎಂದು ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲೇ ಹೇಳಿದೆ. ಮೈನಿಂಗ್‌ನಲ್ಲಿ ಕೊಂಡ ಬೆಲೆಯೇ ಇಲ್ಲದಿರುವುದರಿಂದ, ಬಂದದ್ದೆಲ್ಲ ಲಾಭವೆಂದೇ ಹಿಡಿಯುವುದು ಜಾಣತನ. ಹಾಗಾದರೆ 907 ರೂಪಾಯಿ ಬಿಲ್ ತೀರಿಸಲು 1,318 ರೂಪಾಯಿಯ ನಾಣ್ಯ ಬೇಕು. ದಿನಕ್ಕೆ ಸುಮಾರು 44 ರೂಪಾಯಿ. ಇಥೀರಿಯಂ ಹೋದ ಮೇಲೆ ಹಳೆಯ ಒಂಟಿ ಕಾರ್ಡ್ ಈ ಗೆರೆ ದಾಟುವುದು ಅಪರೂಪ.

5. ಗೆರೆ ದಾಟದಿದ್ದರೆ

ನಾಣ್ಯದ ಬೆಲೆ ಮುಂದೆ ಏರಬಹುದು ಎಂದು ನಷ್ಟದಲ್ಲೇ ಓಡಿಸುವವರಿದ್ದಾರೆ. ಅಷ್ಟು ನಂಬಿಕೆ ಇದ್ದರೆ ಆ 907 ರೂಪಾಯಿಗೆ ನಾಣ್ಯವನ್ನೇ ಕೊಳ್ಳಬಹುದಲ್ಲ? ಹೆಚ್ಚು ನಾಣ್ಯ ಸಿಗುತ್ತದೆ, ಕೊಂಡ ಬೆಲೆಯೂ ದಾಖಲೆಯಲ್ಲಿರುತ್ತದೆ, ರೂಮೂ ಬಿಸಿಯಾಗುವುದಿಲ್ಲ. ಕಾರ್ಡನ್ನು ದೂಳು ಕೊಡವಿ, ಥರ್ಮಲ್ ಪೇಸ್ಟ್ ಬದಲಿಸಿ ಮಾರಿಬಿಡಿ. ಹಿಂದೆ ಅದರಲ್ಲಿ ಮೈನಿಂಗ್ ಮಾಡಿದ್ದರೆ ಕೊಳ್ಳುವವರಿಗೆ ಮೊದಲೇ ತಿಳಿಸಿ, ಅವರೆದುರು ಒಂದು ಗೇಮ್ ಓಡಿಸಿ ತೋರಿಸಿ ಕೊಡಿ.