ಮಿಲಿಟರಿ ಟ್ರೇಲರನ್ನು ಹರಾಜಿನಲ್ಲಿ ಕೂಗುವ ಮೊದಲು ನಿಮ್ಮ ಪಿಕಪ್ ಬಾಗಿಲು ತೆಗೆದು ನೋಡಿ

ಪಿಕಪ್ ಕೊಂಡ ಮೇಲೆ ಸುಮ್ಮನೆ ಕೂತ ಕನ್ನಡಿಗರನ್ನು ನಾನು ಟೆಕ್ಸಾಸ್‌ನಲ್ಲಿ ಇನ್ನೂ ನೋಡಿಲ್ಲ. ಮೊದಲು ಹಿತ್ತಲಿಗೆ ಮಣ್ಣಿನ ಚೀಲ ತರುತ್ತಾರೆ. ಆಮೇಲೆ ಗೆಳೆಯರ ಸೋಫಾ ಸಾಗಿಸುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಊರಾಚೆ ಐದೆಕರೆ ಹುಡುಕುತ್ತಿರುತ್ತಾರೆ, ಜೊತೆಗೆ ಒಂದು ಟ್ರೇಲರನ್ನೂ. ಹಾಗೆ ಹುಡುಕುವವರ ಕಣ್ಣಿಗೆ ಒಂದಲ್ಲ ಒಂದು ದಿನ ಅಮೆರಿಕದ ಸೇನೆ ಬೇಡವೆಂದು ಹರಾಜಿಗಿಟ್ಟ ಟ್ರೇಲರ್ ಬಿದ್ದೇ ಬೀಳುತ್ತದೆ. ಹಸಿರು ಬಣ್ಣ, ಸೊಂಟದೆತ್ತರದ ಚಕ್ರ. ನೋಡಲು ಆನೆ, ಮೊದಲ ಕೂಗು ಕುರಿ ಬೆಲೆ.

ನಾನೂ ಹಾಗೇ ಬಿದ್ದವನು. ಬಿದ್ದಮೇಲೆ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಲ್ಲಾದರೆ ಯಾವುದಕ್ಕೂ ಮೊದಲು ಆರ್‌ಟಿಒ ನೆನಪಾಗುತ್ತದೆ. ಇಲ್ಲಿ ಈ ಪಿಕಪ್‌ಗೆ ಈ ಟ್ರೇಲರ್ ಸರಿ ಅಂತ ನೋಡಿ ಮುದ್ರೆ ಒತ್ತುವ ಆಫೀಸು ಯಾವುದೂ ಇಲ್ಲ. ಸಿಕ್ಕಿಸಿಕೊಂಡು ಹೊರಟರೆ ಯಾರೂ ಕೇಳುವುದಿಲ್ಲ. ಏನಾದರೂ ಆದ ಮೇಲೆ ಪೊಲೀಸರು, ವಿಮೆಯವರು, ಎದುರು ಕಡೆಯ ವಕೀಲರು ಎಲ್ಲರೂ ಕೇಳುತ್ತಾರೆ. ಅವರು ಕೇಳುವ ಲೆಕ್ಕವನ್ನು ನೀವು ಮೊದಲೇ ಮಾಡಿಟ್ಟುಕೊಳ್ಳಬೇಕು, ಅಷ್ಟೇ.

ಸೇನೆಯ ಟ್ರೇಲರ್ ಅಂದರೆ ಒಂದೇ ಜಾತಿಯಲ್ಲ. ಜೀಪಿನ ಹಿಂದೆ ಓಡುತ್ತಿದ್ದ ಎಂ416 ಪುಟ್ಟದು. ಸುತ್ತಾಟಕ್ಕೆ, ಕ್ಯಾಂಪಿಂಗ್‌ಗೆ ಜನ ಮುಗಿಬಿದ್ದು ಕೊಳ್ಳುವುದರಿಂದ ಬೆಲೆ ಜಾಸ್ತಿ. ಎಂ101 ಮುಕ್ಕಾಲು ಟನ್ನಿನದು. ಇಲ್ಲಿನ ಟನ್ 2,000 ಪೌಂಡ್, ಅಂದರೆ ಅದು ರಸ್ತೆಯಿಲ್ಲದ ಕಡೆ ಹೊರಬೇಕಾದ ಭಾರ 1,500 ಪೌಂಡ್. ಒಂದೂವರೆ ಟನ್ನಿನ ಎಂ105 ಕಂಡರೆ ಮುಂದಕ್ಕೆ ಹೋಗಿಬಿಡಿ. ಅದರ ಬ್ರೇಕಿಗೆ ಎಳೆಯುವ ಲಾರಿಯಿಂದ ಗಾಳಿ ಬರಬೇಕು. ನಮ್ಮ ಪಿಕಪ್‌ನಲ್ಲಿ ಆ ಗಾಳಿ ಎಲ್ಲಿದೆ? ಖಾಲಿಯೇ 2,650 ಪೌಂಡ್ ತೂಗುವ ಗಾಡಿಯನ್ನು ಬ್ರೇಕಿಲ್ಲದೆ ಎಳೆದಂತಾಗುತ್ತದೆ.

ನಮ್ಮಂಥವರಿಗೆ ಹೊಂದುವುದು ಹಮ್ವೀ ಅನ್ನುವ ಸೇನೆಯ ಗಾಡಿಗೆಂದು ಮಾಡಿದ ಎಂ1101 ಮತ್ತು ಎಂ1102. ಅಲ್ಯೂಮಿನಿಯಂ ಮೈ, ಹಾಗಾಗಿ ತುಕ್ಕಿನ ಕಾಟ ಕಡಿಮೆ. ಹೇರಿದ ಮೇಲೆ ಒಟ್ಟು ತೂಕ ಎಂ1101ಕ್ಕೆ 3,400 ಪೌಂಡ್, ಎಂ1102ಕ್ಕೆ 4,200 ಪೌಂಡ್ ದಾಟಬಾರದು. ನನ್ನದು ಎರಡನೆಯದು.

ಈಗ ನಿಮ್ಮ ಪಿಕಪ್‌ನ ಚಾಲಕನ ಬಾಗಿಲು ತೆಗೆಯಿರಿ. ಚೌಕಟ್ಟಿನಲ್ಲಿ ಹಳದಿ ಬಿಳಿ ಚೀಟಿಯೊಂದು ಅಂಟಿಸಿರುತ್ತದೆ. ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿದೆ. ಜಾಹೀರಾತಿನಲ್ಲಿ 10,000 ಪೌಂಡ್ ಎಳೆಯುತ್ತದೆ ಅಂದಿದ್ದನ್ನು ಮರೆತುಬಿಡಿ. ಆ ಚೀಟಿಯ ಅಂಕೆ ನಿಮ್ಮದೇ ಗಾಡಿಯದು, ಜಾಹೀರಾತಿನದ್ದು ಯಾವುದೋ ಗಾಡಿಯದು. ಹಾಫ್ ಟನ್ ಪಿಕಪ್ ಅನ್ನುವುದೂ ಹಳೇ ಕಾಲದ ಹೆಸರು. ಎಫ್-150 ಆಗಲಿ, ಸಿಲ್ವರಾಡೊ 1500 ಆಗಲಿ, ನಿಜವಾಗಿ ಹೊರುವುದು ಅರ್ಧ ಟನ್ನಿಗಿಂತ ಜಾಸ್ತಿ.

ಚೀಟಿಯಲ್ಲಿ 1,500 ಇದೆ ಅನ್ನಿ. ಮನೆಯ ನಾಲ್ಕು ಜನ ಕೂತರೆ 600 ಹೋಯಿತು. ಟ್ರೇಲರ್ ತನ್ನ ಮೂತಿಯನ್ನು ಪಿಕಪ್‌ನ ಹಿಂಬದಿಗೆ ಊರುತ್ತದಲ್ಲ, ಆ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. 4,200 ಪೌಂಡಿಗೆ 420ರಿಂದ 630 ಆಯಿತು. ಮಧ್ಯದ್ದು 500 ಹಿಡಿಯಿರಿ. ಉಳಿದದ್ದು 400. ಪಿಕಪ್ ತೊಟ್ಟಿಯಲ್ಲಿ ಇಡುವ ಸಾಮಾನೆಲ್ಲ ಅಷ್ಟರೊಳಗೆ ಮುಗಿಯಬೇಕು. ಅಂಗಡಿಯ ನಾಲ್ಕು ಮೂಟೆ ಸಿಮೆಂಟ್ ಹಾಕಿದರೆ ಮುಗಿದೇ ಹೋಯಿತು, ಒಂದು ಮೂಟೆ 94 ಪೌಂಡ್.

ಮೂತಿಯ ಭಾರದ ವಿಷಯ ಎತ್ತಿನ ಗಾಡಿ ಕಂಡವರಿಗೆ ಹೇಳಿಕೊಡಬೇಕಿಲ್ಲ. ಹುಲ್ಲು ಹೇರಿದ ಮೇಲೆ ನಮ್ಮಜ್ಜ ಮೂಕಿ ಹಿಡಿದು ಒಮ್ಮೆ ಎತ್ತಿ ನೋಡುತ್ತಿದ್ದರು. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಸ್ವಲ್ಪ ಮುಂಭಾರವೇ ಇರಬೇಕು ಅನ್ನುತ್ತಿದ್ದರು. ಇಲ್ಲಿಯೂ ಅದೇ. ಆದರೆ ಎತ್ತು ಗಂಟೆಗೆ ಮೂರು ಮೈಲಿ ನಡೆಯುತ್ತದೆ, ಪಿಕಪ್ ಅರವತ್ತು ಓಡುತ್ತದೆ.

ಇದನ್ನು ತಿಳಿದೂ ನಾನು ಒಂದು ಯುಗಾದಿಗೆ ತಪ್ಪು ಮಾಡಿದೆ. ಕನ್ನಡ ಬಳಗದ ಹಬ್ಬದೂಟಕ್ಕೆ ಪಾತ್ರೆ, ಮಡಚುವ ಕುರ್ಚಿ, ಟೇಬಲ್ಲು ಎಲ್ಲಾ ನನ್ನ ಟ್ರೇಲರ್‌ನಲ್ಲೇ. ಬಾಡಿಗೆ ಜನರೇಟರ್ ಕೊನೆಗೆ ಬಂತು. ಮತ್ತೆ ಎಲ್ಲಾ ಇಳಿಸುವವರು ಯಾರು? ಹಿಂದಿನ ಬಾಗಿಲ ಪಕ್ಕವೇ ಇಟ್ಟು ಹಗ್ಗ ಬಿಗಿದೆವು. ಐ-35 ಹೆದ್ದಾರಿ ಹತ್ತಿ ಅರವತ್ತು ಮುಟ್ಟಿದ್ದೇ ತಡ, ಟ್ರೇಲರ್ ಬಾಲ ಆಡಿಸತೊಡಗಿತು. ಮೊದಲು ಸಣ್ಣಗೆ, ಆಮೇಲೆ ಪಿಕಪ್‌ನ ಹಿಂಭಾಗವನ್ನೇ ಆ ಕಡೆ ಈ ಕಡೆ ಎಳೆಯುವಷ್ಟು. ಪಕ್ಕದಲ್ಲಿದ್ದ ಗೆಳೆಯ ಬ್ರೇಕ್ ಒತ್ತೋ ಅಂತ ಕೂಗಿದ. ಒತ್ತಬಾರದು. ಸ್ಟೀರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ಗಟ್ಟಿಯಾಗಿ ಹಿಡಿದುಕೊಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ನಲವತ್ತೈದಕ್ಕೆ ಇಳಿದಾಗ ತಾನಾಗಿ ನಿಂತಿತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕುರ್ಚಿಯೆಲ್ಲ ಕೆಳಗಿಟ್ಟು, ಜನರೇಟರನ್ನು ಅಚ್ಚಿಗಿಂತ ಮುಂದಕ್ಕೆ ತಳ್ಳಿದೆವು. ಆಮೇಲೆ ಬಾಲ ಆಡಲಿಲ್ಲ. ಊಟಕ್ಕೆ ಮಾತ್ರ ಒಂದು ಗಂಟೆ ತಡ.

ಅನುಮಾನವಿದ್ದರೆ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪ್‌ಗೆ ಹೋಗಿ. ಅಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಇರುತ್ತದೆ. ನಮ್ಮ ಪಿಕಪ್ಪನ್ನೂ ತೂಗುತ್ತಾರೆ, ಯಾರೂ ನಗುವುದಿಲ್ಲ. ಪ್ರತಿ ಅಚ್ಚಿನ ತೂಕ ಬೇರೆ ಬೇರೆ ಬರೆದ ಚೀಟಿ ಕೈಗೆ ಬರುತ್ತದೆ.

ಇನ್ನು ಕೊಂಡಿ. ಸಾಮಾನ್ಯ ಟ್ರೇಲರ್ ಪಿಕಪ್‌ನ ಹಿಂದಿನ ಉಂಡೆಯ ಮೇಲೆ ಕೂರುತ್ತದೆ, ಸೇನೆಯದಕ್ಕೆ ದಪ್ಪ ಕಬ್ಬಿಣದ ಬಳೆ. ಇದಕ್ಕೆ ಲೂನೆಟ್ ಅನ್ನುತ್ತಾರೆ, ಒಳಗಿನ ಅಗಲ ಮೂರು ಇಂಚು. ಮಂಡ್ಯದ ಕಡೆ ಕಬ್ಬಿನ ಟ್ರಾಲಿಯನ್ನು ಟ್ರಾಕ್ಟರಿಗೆ ಸಿಕ್ಕಿಸುವ ಬಳೆ ನೆನಪಿಸಿಕೊಳ್ಳಿ, ಅದರ ಅಣ್ಣ. ಈ ಬಳೆಯನ್ನು ಕಚ್ಚಿ ಹಿಡಿಯುವುದು ಪಿಂಟಲ್ ಹುಕ್. ಪಿಕಪ್‌ನ ಎರಡಿಂಚಿನ ರಿಸೀವರ್ ತೂತಿಗೆ ತೂರಿಸುವ, ಎತ್ತರ ಹೊಂದಿಸಲು ಸಾಲಾಗಿ ತೂತುಗಳಿರುವ ಪಿಂಟಲ್ ತಟ್ಟೆ ಸಿಗುತ್ತದೆ, ಅದನ್ನೇ ಕೊಳ್ಳಿ. ಟ್ರೇಲರ್ ಮಟ್ಟವಾಗಿ ನಿಲ್ಲಬೇಕು. ರಿಸೀವರ್, ತಟ್ಟೆ, ಹುಕ್ ಮೂರರಲ್ಲಿ ಯಾವುದರ ಮೇಲೆ ಕಡಿಮೆ ಅಂಕೆ ಕೊರೆದಿದೆಯೋ ಅದೇ ನಿಮ್ಮ ಮಿತಿ.

ಬಳೆ ಹುಕ್ಕಿನೊಳಗೆ ಸಡಿಲ ಇರುವುದರಿಂದ ಪ್ರತಿ ಸಿಗ್ನಲ್‌ನಲ್ಲೂ ಗಡಕ್ ಅನ್ನುತ್ತದೆ. ಮೊದಲ ದಿನ ಏನೋ ಮುರಿಯಿತು ಅಂತ ಮೂರು ಸಲ ಇಳಿದು ನೋಡಿದ್ದೆ. ಏನೂ ಆಗಿರುವುದಿಲ್ಲ. ಸುರಕ್ಷತೆಯ ಸರಪಳಿಗಳನ್ನು ಮಾತ್ರ ಮೂತಿಯ ಕೆಳಗೆ ಅಡ್ಡ ದಾಟಿಸಿ ಸಿಕ್ಕಿಸಿ. ಕೊಂಡಿ ಕಳಚಿದರೆ ಮೂತಿ ರಸ್ತೆಗೆ ನಾಟದೆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಅಂತ.

ದೀಪದ ಕೆಲಸಕ್ಕೆ ಒಂದು ಭಾನುವಾರ ಬೇಕು. ಸೇನೆಯದು 24 ವೋಲ್ಟ್, 12 ಪಿನ್ನಿನ ದಪ್ಪ ಪ್ಲಗ್ಗು. ನಮ್ಮ ಪಿಕಪ್ 12 ವೋಲ್ಟ್, ನಾಲ್ಕು ಅಥವಾ ಏಳು ಪಿನ್ನು. ಹಿಂದಿನ ದೀಪದ ಬುಡಕ್ಕೆ ಕೈ ಹಾಕಿದರೆ ತಂತಿಗಳೆಲ್ಲ ಒಂದೇ ಕಪ್ಪು. ನನಗೆ ತಲೆ ಕೆಟ್ಟಿತು. ಆಮೇಲೆ ಬಟ್ಟೆಯಿಂದ ಧೂಳು ಒರೆಸಿದಾಗ ಕಾಣಿಸಿತು: ಒಂದೊಂದು ತಂತಿಗೂ ಉಂಗುರದ ಹಾಗೆ ಪುಟ್ಟ ತಗಡು, ಅದರ ಮೇಲೆ ಅಂಕೆ. 21 ಹಿಂದೀಪ, ಅದನ್ನು ಪಿಕಪ್ ಕಡೆಯ ಕಂದು ತಂತಿಗೆ ಸೇರಿಸಿ. 22-460 ಎಡಗಡೆಯ ಬ್ರೇಕ್ ಮತ್ತು ಇಂಡಿಕೇಟರ್, ಹಳದಿಗೆ. 22-461 ಬಲಗಡೆಯದು, ಹಸಿರಿಗೆ. 90 ಅರ್ತಿಂಗ್, ಬಿಳಿಗೆ. 23 ಮತ್ತು 24 ಯುದ್ಧದಲ್ಲಿ ಶತ್ರುವಿಗೆ ಕಾಣದಂತೆ ಉರಿಯುವ ಮಂದ ದೀಪದವು, ಟೇಪ್ ಸುತ್ತಿ ಒಳಗೆ ತಳ್ಳಿ. ಬಲ್ಬುಗಳನ್ನು 12 ವೋಲ್ಟಿಗೆ ಬದಲಿಸಲೇಬೇಕು, ಇಲ್ಲದಿದ್ದರೆ ಹಣತೆಯಷ್ಟೂ ಬೆಳಕು ಬರುವುದಿಲ್ಲ.

ಬ್ರೇಕಿನ ಕಾನೂನು ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ ಒಟ್ಟು ತೂಕ 4,500 ಪೌಂಡ್‌ವರೆಗೆ ಟ್ರೇಲರ್‌ಗೆ ಬ್ರೇಕ್ ಕಡ್ಡಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾಮಾನಿನ ಟ್ರೇಲರ್‌ಗೆ 3,000 ಪೌಂಡಿಗೇ ಬೇಕು, ಅಲ್ಲದೆ ಟ್ರೇಲರ್ ಎಳೆಯುವಾಗ 55 ಮೈಲಿ ಮೀರುವಂತಿಲ್ಲ. ಡಲ್ಲಾಸ್‌ನಿಂದ ಬೇ ಏರಿಯಾಗೆ ಮನೆ ಬದಲಿಸುವವರು ಇದನ್ನು ಗಮನಿಸಿ. ಎಂ1102ದ್ದು ಸರ್ಜ್ ಬ್ರೇಕ್. ಪಿಕಪ್ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಬ್ರೇಕ್ ಹಿಡಿಯುತ್ತದೆ. ವೈರು, ಕಂಟ್ರೋಲರ್ ಏನೂ ಬೇಡ. ಒಳಗೆ ಸೇನೆಯವರು ಹಾಕುವುದು ಡಾಟ್ 5 ಸಿಲಿಕೋನ್ ದ್ರವ. ಕಡಿಮೆಯಾಗಿದೆ ಅಂತ ಅಂಗಡಿಯ ಡಾಟ್ 3 ಸುರಿಯಬೇಡಿ. ಎರಡೂ ಬೆರೆಯುವುದಿಲ್ಲ.

ಟೈರ್ ಹೇಗಿದೆ ಅಂತ ಹೊಳಪು ನೋಡಿ ನಿರ್ಧರಿಸಬೇಡಿ. ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ. 1412 ಅಂದರೆ 2012ನೇ ಇಸವಿಯ 14ನೇ ವಾರ. ಸವೆಯದೆ ಹೊಸದರ ಹಾಗೆ ಕಂಡರೂ ವಯಸ್ಸಾಗಿದ್ದರೆ ಬದಲಿಸಬೇಕು. ಹಮ್ವೀಯ 16.5 ಇಂಚಿನ ಅಳತೆಯ ಟೈರು ಬೀದಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಆ ಖರ್ಚನ್ನೂ ಕೂಗಿನ ಬೆಲೆಗೆ ಸೇರಿಸಿಕೊಳ್ಳಿ.

ಕಾಗದದ ವಿಷಯಕ್ಕೆ ಬಂದರೆ, ಹೊಸಬರು ಎಡವುವುದು ಇಲ್ಲೇ. ಸರ್ಕಾರದ ಹಳೇ ವಾಹನ ನಮ್ಮ ಕೈಗೆ ಬಂದಾಗ ಟೈಟಲ್, ಅಂದರೆ ಒಡೆತನದ ಪತ್ರ, ಪಡೆಯಲು ಎಸ್‌ಎಫ್-97 ಅನ್ನುವ ಪ್ರಮಾಣಪತ್ರ ಬೇಕು. ಗವ್‌ಪ್ಲಾನೆಟ್ ಥರದ ಹರಾಜಿನಲ್ಲಿ ಈ ವಸ್ತುವಿಗೆ ಅದು ಬರುತ್ತದೋ ಇಲ್ಲವೋ ಅಂತ ಕೂಗುವ ಮೊದಲೇ ಓದಿಕೊಳ್ಳಿ. ಟೆಕ್ಸಾಸ್‌ನಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಡಿಪಿಎಸ್, ಗಾಡಿಯ ಕಾಗದಕ್ಕೆ ಕೌಂಟಿ ಟ್ಯಾಕ್ಸ್ ಆಫೀಸು. ಅಲ್ಲಿ 130-ಯು ಫಾರಂ ತುಂಬಿ ಕೊಡಬೇಕು. ಒಂದು ತಮಾಷೆ ನೋಡಿ. ಒಟ್ಟು ತೂಕ 4,000 ಪೌಂಡ್ ದಾಟಿದರೆ ಮಾತ್ರ ಇಲ್ಲಿ ಟೈಟಲ್ ಕಡ್ಡಾಯ. ಹಾಗಾಗಿ ಎಂ1102ಕ್ಕೆ ಬೇಕು, ಅದರ ತಮ್ಮ ಎಂ1101ಕ್ಕೆ ಬೇಡ. ರಿಜಿಸ್ಟ್ರೇಷನ್ ಎರಡಕ್ಕೂ ಬೇಕು. ಆದರೂ ನನ್ನ ಮಾತು ಕೇಳಿ, ಟೈಟಲ್ ಮಾಡಿಸಿಕೊಂಡಿರಿ. ಮಾರುವಾಗ, ಬೇರೆ ರಾಜ್ಯಕ್ಕೆ ಹೋಗುವಾಗ ಅದೇ ಕೈ ಹಿಡಿಯುತ್ತದೆ. ನನಗೆ ಮಾರಿದವರು ಕಾಗದ ಎರಡು ವಾರದಲ್ಲಿ ಬರುತ್ತದೆ ಅಂದಿದ್ದರು. ಬಂದಾಗ ಬೇಸಿಗೆ ಮುಗಿದಿತ್ತು. ಅಲ್ಲಿಯವರೆಗೆ ಟ್ರೇಲರ್ ರಸ್ತೆಗೆ ಇಳಿಯಲಿಲ್ಲ. ಹಳೇ ಮಿಲಿಟರಿ ಟ್ರೇಲರ್‌ಗೆ 17 ಅಕ್ಷರದ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಇರಲೇಬೇಕೆಂದಿಲ್ಲ, ಮೈಮೇಲಿನ ತಗಡಿನಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದರ ಫೋಟೋ ಫೋನಿನಲ್ಲಿರಲಿ.

ವೀಸಾದ ಮೇಲಿರುವವರಿಗೆ ಇನ್ನೊಂದು ಮಾತು. ಕೆಲವು ಟ್ರೇಲರ್‌ಗಳನ್ನು ಸೇನಾ ನೆಲೆಯ ಒಳಗಿಂದಲೇ ಒಯ್ಯಬೇಕು. ಗೇಟಿನಲ್ಲಿ ಗುರುತು, ಹಿನ್ನೆಲೆ ಎಲ್ಲಾ ನೋಡುತ್ತಾರೆ, ಅಮೆರಿಕದ ಪೌರರಲ್ಲದವರಿಗೆ ತೊಡಕಾಗಬಹುದು. ನೆಲೆಯ ಹೊರಗಿನ ಅಂಗಳದಲ್ಲಿರುವುದನ್ನು ಕೂಗುವುದು ಒಳ್ಳೆಯದು. ಇಲ್ಲವೇ ಸಾಗಿಸುವವರನ್ನು ಗೊತ್ತುಮಾಡಿ. ಊರಿನ ತೋಟಕ್ಕೆ ಕಳಿಸೋಣ ಅನ್ನುವ ಆಸೆ ಇಟ್ಟುಕೊಳ್ಳಬೇಡಿ, ಸೇನಾ ಸಾಮಾನಿಗೆ ರಫ್ತು ಕಾನೂನು ಅಡ್ಡ ಬರುತ್ತದೆ.

ಲೈಸೆನ್ಸಿನ ಚಿಂತೆ ಬೇಡ. ಈ ಗಾತ್ರಕ್ಕೆ ಮಾಮೂಲಿ ಲೈಸೆನ್ಸ್ ಸಾಕು. ವಿಮೆ ಮಾತ್ರ ಏಜೆಂಟರ ಹತ್ತಿರ ಕೇಳಿ. ಸಾಮಾನ್ಯವಾಗಿ ಟ್ರೇಲರ್‌ನಿಂದ ಬೇರೆಯವರಿಗಾದ ಹಾನಿಯನ್ನು ಪಿಕಪ್‌ನ ಪಾಲಿಸಿ ನೋಡಿಕೊಳ್ಳುತ್ತದೆ, ಟ್ರೇಲರ್‌ಗೇ ಆದ ಹಾನಿಯನ್ನು ನೋಡುವುದಿಲ್ಲ. ರಿವರ್ಸ್ ತೆಗೆಯುವುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಲಿಯಿರಿ. ಸ್ಟೀರಿಂಗ್‌ನ ಕೆಳಭಾಗ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಗಿಡ್ಡ ಟ್ರೇಲರ್ ಆದ್ದರಿಂದ ಥಟ್ಟನೆ ಮಡಚಿಕೊಳ್ಳುತ್ತದೆ. ಇಂಚಿಂಚೇ ಹೋಗಿ.

ಕೊನೆಗೆ, ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಕೊಳ್ಳುವ ಮೊದಲೇ ಯೋಚಿಸಿ. ಸೇನೆ ಕೊಟ್ಟಿತು, ಕೌಂಟಿ ಒಪ್ಪಿತು, ಡ್ರೈವ್‌ವೇನಲ್ಲಿ ನಿಲ್ಲಿಸಿದ ಮೂರನೇ ದಿನಕ್ಕೆ ನಮ್ಮ ಬಡಾವಣೆಯ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘದಿಂದ ಕಾಗದ ಬಂತು. ಬೀದಿಗೆ ಕಾಣುವಂತೆ ಟ್ರೇಲರ್ ನಿಲ್ಲಿಸುವಂತಿಲ್ಲವಂತೆ. ಜೊತೆಗೆ ಫೋಟೋ ಬೇರೆ. ಈಗ ಅದು ಗೆಳೆಯನ ಐದೆಕರೆಯಲ್ಲಿದೆ. ಬಾಡಿಗೆ ಬೇಡ ಅಂದಿದ್ದಾನೆ, ತಿಂಗಳಿಗೊಮ್ಮೆ ಅವನ ಗೊಬ್ಬರ ನಾನೇ ಹೊಡೆದು ಕೊಡಬೇಕು.